ಸಹಾಯ ಬೇಕು: ತಂಗಿಯ ಲೊಕೇಶನ್ ಆ್ಯಪಲ್ಲಿ ಕಾಣದ ಹಾಗೆ ಮಾಡೋದು ಹೇಗೆ?

ನಮಸ್ಕಾರ, ಫೋನಿನ ವಿಷಯ ಗೊತ್ತಿದ್ದವರು ದಯವಿಟ್ಟು ಹೇಳಿ. ನಮ್ಮದು ಬದಿಯಡ್ಕದಿಂದ ಒಳಗೆ ತೋಟದ ಮನೆ, ತಂಗಿ ಕುಂಬಳೆಯಿಂದ ರೈಲಲ್ಲಿ ಮಂಗ್ಳೂರಿಗೆ ಕಾಲೇಜಿಗೆ ಹೋಗ್ತಾಳೆ. ಅವಳ ಫೋನಲ್ಲಿ ಫ್ರೆಂಡ್ಸ್ ಮಾಡ್ಕೊಳ್ಳುವ ಒಂದು ಆ್ಯಪ್ ಉಂಟು, ಯಾರು ಎಷ್ಟು ದೂರ ಇದ್ದಾರೆ ಅಂತ ಅದ್ರಲ್ಲಿ ತೋರಿಸ್ತದೆ, ಮೊನ್ನೆ ಗುರುತೇ ಇಲ್ಲದ ಒಬ್ಬ "ಸಂಕ ದಾಟಿ ಎಡಕ್ಕೆ ಹೋಗುವ ರೋಡಲ್ವಾ ನಿಮ್ಮ ಮನೆ?" ಅಂತ ಮೆಸೇಜ್ ಹಾಕಿದ್ದಾನೆ. ಅವಳು ಅಡ್ರೆಸ್ ಎಲ್ಲೂ ಹಾಕಿಲ್ಲ. ಮೂರು ಬೇರೆ ಬೇರೆ ಜಾಗದಿಂದ ಆ ದೂರ ನೋಡಿದ್ರೆ ಆಳು ಎಲ್ಲಿದ್ದಾರೆ ಅಂತ ಲೆಕ್ಕ ಹಾಕ್ಬಹುದು, ಹಾಗೇ ಮಾಡಿರ್ಬೇಕು.

ಆಂಡ್ರಾಯ್ಡ್ 12ರಿಂದ ಈಚೆ ನಿಖರ ಲೊಕೇಶನ್ ಆಫ್ ಮಾಡಿ ಅಂದಾಜು ಮಾತ್ರ ಕೊಡ್ಲಿಕ್ಕೆ ಆಗ್ತದೆ, ಅದು ಮಾಡಿ ಆಯ್ತು. ಆದ್ರೆ ಅಂದಾಜು ಅಂದ್ರೆ ಸುಮಾರು 3 ಚದರ ಕಿಲೋಮೀಟರ್, ಪೇಟೆಯಲ್ಲಾದ್ರೆ ಅಷ್ಟರೊಳಗೆ ಸಾವಿರಾರು ಮನೆ, ನಮ್ಮಲ್ಲಿ ರೈಲಲ್ಲಿ ಕಾಲೇಜಿಗೆ ಹೋಗುವ ಹುಡುಗಿ ಯಾರು ಅಂತ ಒಂದು ಅಂಗಡಿಯಲ್ಲಿ ಕೇಳಿದ್ರೆ ಸಾಕು ಮಾರ್ರೆ.

ಪರ್ಮಿಶನ್ ಪೂರ್ತಿ ತೆಗೆದ್ರೂ ಐಪಿ ಅಡ್ರೆಸ್ಸಿಂದ (ಇಂಟರ್ನೆಟ್ ಕನೆಕ್ಷನಿಗೆ ಇರುವ ನಂಬರ್) ಊರು ಗೊತ್ತಾಗ್ತದಾ? ಅಕೌಂಟ್ ಡಿಲೀಟ್ ಮಾಡಿದ್ರೆ ಹಳೇ ಲೊಕೇಶನ್ ಆ್ಯಪಿನವರ ಸರ್ವರ್ ಕಂಪ್ಯೂಟರಲ್ಲಿ ಉಳೀತದಾ? ಇಂಥದ್ದಕ್ಕೆ ಸೈಬರ್ ದೂರು ಕೊಟ್ಟವರು ಇದ್ರೆ ಹೇಗೆ ಕೊಟ್ರಿ ಅಂತಲೂ ಹೇಳಿ. ಆ್ಯಪ್ ಬಿಡು ಅಂತ ತಂಗಿಗೆ ಬೈಲಿಕ್ಕೆ ನನಗೆ ಮನಸ್ಸಿಲ್ಲ, ತಪ್ಪು ಅವಳದ್ದಲ್ಲ.