ಹೊನಗೊನ್ನೆ ಸೊಪ್ಪು, ಕ್ಯಾರೆಟ್ ತಿಂದರೆ ಮಗನ ಕನ್ನಡಕ ತಪ್ಪುತ್ತದಾ?

ಹಾಸನದ ಅಮ್ಮ:
ಮಗ ಐದನೇ ಕ್ಲಾಸು. ಬೋರ್ಡ್ ಕಾಣುತ್ತಿಲ್ಲ ಎಂದು ಟೀಚರ್ ಹೇಳಿ ಕಳಿಸಿದ್ದರು, ತೋರಿಸಿದೆವು, ಎರಡೂ ಕಣ್ಣಿಗೆ ಮೈನಸ್ 1.5 ಬಂದಿದೆ. ಅತ್ತೆ ಕನ್ನಡಕ ಬೇಡವೇ ಬೇಡ ಎನ್ನುತ್ತಿದ್ದಾರೆ. ಒಂದು ಸಲ ಹಾಕಿದರೆ ನಂಬರ್ ಏರುತ್ತಲೇ ಹೋಗುತ್ತದಂತೆ. ಅದಕ್ಕೆ ದಿನಾ ಕ್ಯಾರೆಟ್ ಜ್ಯೂಸ್, ವಾರಕ್ಕೆ ಮೂರು ದಿನ ಹೊನಗೊನ್ನೆ ಸೊಪ್ಪಿನ ಪಲ್ಯ, ರಾತ್ರಿ ನೆತ್ತಿಗೆ ಹರಳೆಣ್ಣೆ. ಎರಡು ತಿಂಗಳಾಯಿತು. ಪ್ರೀತಿಯಿಂದಲೇ ಮಾಡುತ್ತಾರೆ, ಎದುರು ಮಾತಾಡಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಮಗ ಇನ್ನೂ ಪಕ್ಕದವನ ಪುಸ್ತಕ ನೋಡಿಯೇ ಬರೆದುಕೊಳ್ಳುತ್ತಿದ್ದಾನೆ. ಇದರಲ್ಲಿ ಎಷ್ಟು ನಿಜ?

ಮೂಡಿಗೆರೆಯವ:
ಕ್ಯಾರೆಟ್ ಮಾತು ಇಷ್ಟು ಹಬ್ಬಿದ್ದು ಎರಡನೇ ಮಹಾಯುದ್ಧದಲ್ಲಿ. ಬ್ರಿಟನ್ನಿನ ಪೈಲಟ್‌ಗಳು ಕತ್ತಲಲ್ಲೂ ಜರ್ಮನ್ ವಿಮಾನ ಹೊಡೆದು ಬೀಳಿಸುತ್ತಿದ್ದರು, ಜಾನ್ ಕನಿಂಗ್‌ಹ್ಯಾಮ್‌ಗಂತೂ ‘ಬೆಕ್ಕಿನ ಕಣ್ಣಿನವ’ ಎಂದೇ ಹೆಸರು. ಕ್ಯಾರೆಟ್ ತಿಂದಿದ್ದರಿಂದ ಹೀಗೆ ಎಂದು ಪ್ರಚಾರವಾಯಿತು. ಅಸಲಿಗೆ ವಿಮಾನದೊಳಗೆ ರಡಾರ್ ಇತ್ತು.

ಅರಸೀಕೆರೆಯಿಂದ:
ನಾನು ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲೇ ಇದ್ದೇನೆ ಅಕ್ಕ, ಈ ಪ್ರಶ್ನೆ ದಿನಾ ಬರುತ್ತದೆ. ನಿಮ್ಮ ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ. ವಿಟಮಿನ್ ಎ ತೀರಾ ಕಡಿಮೆಯಾದರೆ ಇರುಳುಗುರುಡು ಬರುತ್ತದೆ, ಇನ್ನೂ ಬಿಟ್ಟರೆ ಕಣ್ಣಿನ ಕರಿಗುಡ್ಡೆ ಮೇಲಿನ ಪೊರೆಯೇ ಒಣಗಿ ಹಾಳಾಗುತ್ತದೆ. ಅದಕ್ಕೇ ಮಗುವಿಗೆ 9 ತಿಂಗಳಿಂದ 5 ವರ್ಷದವರೆಗೆ ವಿಟಮಿನ್ ಎ ಕುಡಿಸುವುದು. ನುಗ್ಗೆ ಸೊಪ್ಪು, ಹೊನಗೊನ್ನೆ, ಪಪ್ಪಾಯಿ, ಸಿಹಿಗುಂಬಳ, ಮೊಟ್ಟೆಯ ಹಳದಿ, ಎಲ್ಲವೂ ಅದಕ್ಕೆ ಒಳ್ಳೆಯದು. ಜ್ಯೂಸ್‌ಗಿಂತ ಎಣ್ಣೆ ಒಗ್ಗರಣೆ ಹಾಕಿದ ಪಲ್ಯವೇ ವಾಸಿ, ಯಾಕೆಂದರೆ ಜಿಡ್ಡು ಇದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ.

ಆದರೆ ಮೈನಸ್ ನಂಬರ್ ಬೇರೆ ವಿಷಯ. ಕಣ್ಣುಗುಡ್ಡೆ ಸ್ವಲ್ಪ ಉದ್ದ ಬೆಳೆದಿರುತ್ತದೆ, ದೂರದ್ದು ಸರಿಯಾಗಿ ಮೂಡುವುದಿಲ್ಲ. ಸೊಪ್ಪು ತಿಂದರೆ ಉದ್ದ ಬೆಳೆದ ಗುಡ್ಡೆ ಗಿಡ್ಡವಾಗುವುದಿಲ್ಲ, ನೆತ್ತಿಗೆ ಎಣ್ಣೆ ಹಾಕಿದರೂ ಅಷ್ಟೇ. ಕನ್ನಡಕದಿಂದ ನಂಬರ್ ಏರುವುದೂ ಇಲ್ಲ. ಮಗು ಬೆಳೆಯುವಾಗ ಕಣ್ಣೂ ಬೆಳೆಯುತ್ತದೆ, ಅದಕ್ಕೆ ನಂಬರ್ ಬದಲಾಗುತ್ತದೆ, ಜನ ಕನ್ನಡಕದ ಮೇಲೆ ಹೊರಿಸುತ್ತಾರೆ. ದಿನಕ್ಕೆ ಎರಡು ಗಂಟೆ ಬಯಲಲ್ಲಿ, ಬೆಳಕಿನಲ್ಲಿ ಆಡಲು ಬಿಡಿ, ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಕನ್ನಡಕ ಮಾತ್ರ ಈ ವಾರವೇ ಮಾಡಿಸಿ. ಎರಡು ತಿಂಗಳ ಪಾಠ ಆಗಲೇ ಹೋಯಿತಲ್ವಾ.

ಬೇಲೂರಿನ ಟೀಚರ್:
ನೆತ್ತಿಗೆ ಎಣ್ಣೆ ಹಾಕಿದರೆ ತೊಂದರೆ ಇಲ್ಲ, ಕಣ್ಣಿನೊಳಗೆ ಮಾತ್ರ ಏನೂ ಬಿಡಬೇಡಿ. ನಮ್ಮ ಮನೆಯಲ್ಲೇ ತಂಗಿಯ ಮಗಳಿಗೆ ಕಣ್ಣು ಕೆಂಪಾಗಿದೆ ಎಂದು ಜೇನು ಬಿಟ್ಟು, ಮೂರು ದಿನ ಕಣ್ಣು ಬಿಡಲಾಗದೆ ಒದ್ದಾಡಿದಳು. ಇನ್ನೊಂದು, ಕ್ಲಾಸಲ್ಲಿ ಕಾಣದ ಮಗು ಕಾಣುವುದಿಲ್ಲ ಎಂದು ಹೇಳುವುದೇ ಇಲ್ಲ. ಸುಮ್ನೆ ಗಮನ ಕೊಡದ ಹುಡುಗ ಎನಿಸಿಕೊಳ್ಳುತ್ತದೆ.

ಹಾಸನದ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಅರಸೀಕೆರೆಯವರು ಬರೆದಿದ್ದನ್ನು ಅತ್ತೆಗೆ ಓದಿ ಹೇಳಿದೆ. ಪಲ್ಯ ನಿಲ್ಲಿಸುವುದಿಲ್ಲ ಎಂದರು, ಕನ್ನಡಕಕ್ಕೆ ಒಪ್ಪಿದರು. ಅವರಿಗೆ ಎಂಟು ವರ್ಷದಿಂದ ಶುಗರ್ ಇದೆ, ಕಣ್ಣು ಚೆನ್ನಾಗೇ ಕಾಣುತ್ತದೆ. ಅವರಿಗೂ ತೋರಿಸಬೇಕಾ?

ಅರಸೀಕೆರೆಯಿಂದ:
ಖಂಡಿತ ತೋರಿಸಿ. ಶುಗರ್ ಇರುವವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಹನಿ ಹಾಕಿಸಿಕೊಂಡು ಒಳಗಿನ ನರಪರದೆ ನೋಡಿಸಬೇಕು. ಅಲ್ಲಿನ ರಕ್ತನಾಳ ಹಾಳಾಗುವುದು ಮೊದಮೊದಲು ಗೊತ್ತೇ ಆಗುವುದಿಲ್ಲ. ಮಗನ ಜೊತೆಗೇ ಕರೆದುಕೊಂಡು ಹೋಗಿ.