ಫುಟ್‌ಬಾಲ್ ಕೋಚಿಂಗ್ ಜೊತೆಗೆ ಮಿಷನ್ ಟ್ರಿಪ್: ಹೋಗಿ ಬಂದವರ ಅನುಭವ ಬೇಕು

ಪ್ರಶ್ನೆ: ನಮ್ಮ ಸಭೆಯ (ಚರ್ಚಿನ) ಯುವಜನರ ತಂಡ ಎರಡು ವಾರದ ಮಿಷನ್ ಟ್ರಿಪ್‌ಗೆ ಹೊರದೇಶಕ್ಕೆ ಹೊರಟಿದೆ. ಬೆಳಗ್ಗೆ ಮಕ್ಕಳಿಗೆ ಫುಟ್‌ಬಾಲ್ ಕೋಚಿಂಗ್, ಸಂಜೆ ಸುವಾರ್ತೆ ಕೂಟ. ನಾನು ಕಾಲೇಜು ಟೀಮಿನಲ್ಲಿ ಆಡಿದ್ದೇನೆ, ಆದರೆ ಯಾರಿಗೂ ಕಲಿಸಿ ಗೊತ್ತಿಲ್ಲ. ಮೈದಾನದಲ್ಲಿ ಯೇಸುವಿನ ವಿಷಯ ಯಾವಾಗ ಎತ್ತಬೇಕು, ಹೇಗೆ ಎತ್ತಬೇಕು? ದಯವಿಟ್ಟು ಹೇಳಿ.

ಒಬ್ಬ ಕೋಚ್ ಉತ್ತರ: ಮೊದಲು ಕೋಚಿಂಗ್ ಚೆನ್ನಾಗಿರಲಿ ಬ್ರದರ್. ಮಕ್ಕಳು ಬರೋದು ಆಡೋಕೆ. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕರೆದು ಗೋಲಿಗೆ ಒದೆಸಿದರೆ, ಒಂದು ಗಂಟೆಯಲ್ಲಿ ಒಂದು ಮಗುವಿನ ಕಾಲಿಗೆ ಚೆಂಡು ಸಿಗೋದು ನಾಲ್ಕೈದು ಸಲ ಅಷ್ಟೇ. ಅದರ ಬದಲು ಮೈದಾನವನ್ನು ಚಿಕ್ಕ ಚಿಕ್ಕ ಚೌಕ ಮಾಡಿ. ಒಂದೊಂದು ಕಡೆ ಮೂವರಂತೆ ಆಡಿಸಿ. ಎಂಟು ತುಂಬದವರಿಗೆ 3ನೇ ಸೈಜಿನ ಚೆಂಡು, 8ರಿಂದ 12 ವರ್ಷದವರಿಗೆ 4, ಅದಕ್ಕಿಂತ ದೊಡ್ಡವರಿಗೆ 5.

ಭಾಷೆ ಬರದಿದ್ದರೂ ನಡೆಯೋ ಒಂದು ಆಟ ಹೇಳ್ತೀನಿ. ಚೌಕದೊಳಗೆ ಎಲ್ಲರಿಗೂ ಒಂದೊಂದು ಚೆಂಡು. ಡ್ರಿಬಲ್ ಮಾಡುತ್ತಾ, ಅಂದರೆ ಚೆಂಡನ್ನು ಕಾಲಲ್ಲೇ ಮೆಲ್ಲಗೆ ತಳ್ಳಿಕೊಂಡು ಓಡಾಡಬೇಕು. ವಿಷಲ್ ಕೇಳಿದ ತಕ್ಷಣ ಚೆಂಡಿನ ಮೇಲೆ ಪಾದ ಇಟ್ಟು ನಿಲ್ಲಬೇಕು. ಇದು ಕೈಗೆ ಹತ್ತಿದ ಮೇಲೆ ಇಬ್ಬರ ಚೆಂಡು ತೆಗೆದಿಡಿ, ಅವರೇ ಕಳ್ಳರು. ಬೇರೆಯವರ ಚೆಂಡು ಕಸಿಯೋದು ಅವರ ಕೆಲಸ. ಅಲ್ಲಿಯವರೆಗೆ ಕಾಲನ್ನೇ ನೋಡಿಕೊಂಡು ಓಡುತ್ತಿದ್ದ ಮಗು, ಕಳ್ಳ ಎಲ್ಲಿದ್ದಾನೆ ಅಂತ ತಾನಾಗಿಯೇ ತಲೆ ಎತ್ತುತ್ತದೆ. ನೀವು ಬಾಯಲ್ಲಿ ನೂರು ಸಲ ಹೇಳಿದರೂ ಬರದ ಅಭ್ಯಾಸ ಅದು.

ಈಗ ಸುವಾರ್ತೆಯ ವಿಷಯ. ನೀರು ಕುಡಿಯೋ ಬಿಡುವಿನಲ್ಲೇ ಐದು ನಿಮಿಷ ಸಾಕ್ಷಿ (ನಮ್ಮ ನಂಬಿಕೆಯ ಅನುಭವ) ಹೇಳಿಬಿಡೋಣ ಅಂತ ತುಂಬಾ ತಂಡಗಳು ಪ್ಲಾನ್ ಮಾಡುತ್ತವೆ. ನನಗೆ ಅದು ಸರಿ ಅನಿಸೋದಿಲ್ಲ. ಅರ್ಧ ಆಟದಲ್ಲಿರೋ ಮಗು ಎದ್ದು ಹೋಗೋ ಹಾಗಿಲ್ಲ, ಬೇಡ ಅನ್ನೋ ಹಾಗೂ ಇಲ್ಲ. ಆಟ ಪೂರ್ತಿ ಮುಗಿಸಿ. ಮನೆಗೆ ಹೋಗೋರು ಹೋಗಲಿ, ಕೇಳೋ ಮನಸ್ಸಿರೋರು ಕೂರಲಿ. ಹೋದವರನ್ನೂ ಮರುದಿನ ಅಷ್ಟೇ ಪ್ರೀತಿಯಿಂದ ಹೆಸರು ಹಿಡಿದು ಕರೆಯಿರಿ. ಇದು ಸಭೆಯವರು ನಡೆಸೋ ಶಿಬಿರ, ಕೊನೆಗೆ ಸತ್ಯವೇದದ ಮಾತು ಇರುತ್ತದೆ ಅಂತ ತಂದೆತಾಯಿಗೆ ಮೊದಲೇ ತಿಳಿಸಿರಬೇಕು. ಮುಚ್ಚಿಡಬೇಡಿ.

ಶೂ, ಜೆರ್ಸಿ ಕೊಡೋದಿದ್ದರೆ ಅದನ್ನು ಸಂಜೆಯ ಕೂಟಕ್ಕೆ ಗಂಟು ಹಾಕಲೇಬೇಡಿ. ಹೊಟ್ಟೆತುಂಬ ರೊಟ್ಟಿ ತಿಂದಿದ್ದಕ್ಕೇ ನನ್ನನ್ನು ಹುಡುಕಿಕೊಂಡು ಬಂದಿದ್ದೀರಿ ಅಂತ ಯೇಸುಸ್ವಾಮಿ ಜನರಿಗೆ ನೇರವಾಗಿಯೇ ಹೇಳಿದರು, ಯೋಹಾನ 6ರಲ್ಲಿದೆ. ನಾವೇ ರೊಟ್ಟಿ ತೋರಿಸಿ ಕೂರಿಸಿಕೊಂಡರೆ ಹೇಗೆ?

ಮಿಷನ್ ತಂಡಗಳ ಕಾಗದಪತ್ರ ನೋಡಿಕೊಳ್ಳುವ ಸಿಸ್ಟರ್ ಒಬ್ಬರ ಉತ್ತರ: ವೀಸಾ ನೋಡಿದ್ದೀರಾ? ಪ್ರವಾಸಿ ವೀಸಾದಲ್ಲಿ ಬಂದು ಧರ್ಮಪ್ರಚಾರ ಮಾಡೋ ಹಾಗಿಲ್ಲ ಅನ್ನೋ ದೇಶಗಳಿವೆ. ನೇಪಾಳದ 2015ರ ಸಂವಿಧಾನದ 26ನೇ ವಿಧಿ ಇನ್ನೊಬ್ಬರನ್ನು ಮತಾಂತರ ಮಾಡುವುದನ್ನೇ ನಿಷೇಧಿಸಿದೆ. ನಾವು ವಿಮಾನ ಹತ್ತಿ ಬಂದುಬಿಡ್ತೀವಿ, ಆಮೇಲೆ ವಿಚಾರಣೆ ಎದುರಿಸೋದು ಅಲ್ಲಿನ ಪಾಸ್ಟರ್. ಎಲ್ಲಿ ಮಾತಾಡಬೇಕು, ಎಲ್ಲಿ ಸುಮ್ನೆ ಆಡಿಸಿ ಬರಬೇಕು ಅನ್ನೋದರಲ್ಲಿ ಅವರ ಮಾತೇ ಕೊನೆ.

ಮಕ್ಕಳ ಸುರಕ್ಷತೆಯಲ್ಲಿ ಯಾವ ರಿಯಾಯಿತಿಯೂ ಬೇಡ. ತಂಡದ ಎಲ್ಲರದೂ ಪೊಲೀಸ್ ವೆರಿಫಿಕೇಶನ್ ಆಗಿರಲಿ, ಪಾಸ್ಟರ್ ಮಗನದೂ ಸೇರಿ. ದೊಡ್ಡವರು ಒಬ್ಬರೇ ಒಂದು ಮಗುವಿನ ಜೊತೆ ಇರಬಾರದು. ಪ್ರಾರ್ಥನೆ ಮಾಡುವಾಗಲೂ ಇಬ್ಬರಿರಿ, ಎಲ್ಲರ ಕಣ್ಣಿಗೆ ಬೀಳೋ ಜಾಗದಲ್ಲಿರಿ. ಮನೆಯವರ ಒಪ್ಪಿಗೆ ಇಲ್ಲದೆ ಮಕ್ಕಳ ಫೋಟೋ ಎಲ್ಲೂ ಹಾಕಬೇಡಿ. ತಲೆಗೆ ಪೆಟ್ಟು ಬಿದ್ದು ಮಂಕಾದ ಮಗು ‘ನನಗೇನೂ ಆಗಿಲ್ಲ’ ಅಂದರೂ ಆ ದಿನ ಮತ್ತೆ ಆಡಿಸಬೇಡಿ, ಡಾಕ್ಟರಿಗೆ ತೋರಿಸಿ.

ಹಿರಿಯರೊಬ್ಬರ ಉತ್ತರ: ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹೀಟ್ಸ್ (ಮೊದಲ ಸುತ್ತಿನ ಓಟ) ದೇವರ ದಿನವಾದ ಭಾನುವಾರ ಇದೆ ಅಂತ 100 ಮೀಟರ್ ಬಿಟ್ಟರು, 400 ಮೀಟರ್‌ನಲ್ಲಿ ಚಿನ್ನ ಗೆದ್ದರು. ನಮ್ಮ ಯುವಜನ ಕೂಟಗಳಲ್ಲಿ ಕಥೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ನನಗೆ ಅದರ ಮುಂದಿನದೇ ಮುಖ್ಯ. ಮರುವರ್ಷವೇ ಚೀನಾಕ್ಕೆ ಹೋದರು. ಅಲ್ಲಿ ಹುಡುಗರಿಗೆ ವಿಜ್ಞಾನ ಕಲಿಸಿದರು, ಆಟ ಕಲಿಸಿದರು, ವರ್ಷಗಟ್ಟಲೆ. ಯುದ್ಧದ ಕಾಲದಲ್ಲಿ ಜಪಾನೀಯರ ಬಂಧನ ಶಿಬಿರದಲ್ಲಿದ್ದಾಗಲೂ ಮಕ್ಕಳಿಗೆ ಆಟೋಟ ನಡೆಸುತ್ತಿದ್ದರು. 1945ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ.

ಎರಡು ವಾರಕ್ಕೆ ಹೋಗೋ ನಿಮಗೆ ಹಾಗೆ ಉಳಿಯೋಕೆ ಆಗಲ್ಲ, ನಿಜ. ಆದರೆ ಅಲ್ಲೇ ಉಳಿಯೋರು ಇದ್ದಾರೆ ಅಲ್ವಾ, ಆ ಊರಿನ ಕೋಚು, ಅಲ್ಲಿನ ಸಭೆಯ ಅಣ್ಣಂದಿರು ಅಕ್ಕಂದಿರು. ಮೊದಲ ಕೆಲವು ದಿನ ನೀವು ಆಡಿಸಿ, ಅವರು ಜೊತೆಗಿರಲಿ. ಆಮೇಲೆ ವಿಷಲ್ ಅವರ ಕೈಗೆ ಕೊಟ್ಟು ನೀವು ಚೆಂಡು ಹೆಕ್ಕಿ ಕೊಡಿ. ಎರಡನೇ ವಾರ ಮಕ್ಕಳು ಅನುಮಾನ ಬಂದರೆ ನಿಮ್ಮ ಕಡೆ ನೋಡದೆ ಅವರ ಕಡೆ ತಿರುಗುವಂತಿರಬೇಕು. ಹೊರಡುವಾಗ ಚೆಂಡು, ಪಂಪು, ಪಂಪಿನ ಸೂಜಿ ಎಲ್ಲ ಅವರಿಗೇ ಬಿಟ್ಟು ಬನ್ನಿ. ಸೂಜಿ ಜಾಸ್ತಿ ಇರಲಿ, ಮೊದಲು ಕಳೆದುಹೋಗೋದೇ ಅದು.

ಹೊರಡೋ ಮುಂಚೆ ಆ ಕೋಚ್ ಜೊತೆ ಒಂದು ಸಲ ಫೋನಿನಲ್ಲಿ ಮಾತಾಡಿ, ಮಕ್ಕಳೆಷ್ಟು, ವಯಸ್ಸೆಷ್ಟು, ನೆಲ ಹೇಗಿದೆ ಕೇಳಿ. ದಿನದಿನದ ಪ್ಲಾನ್ ಬರೆದು ಇಲ್ಲಿ ಹಾಕಿ, ನೋಡಿ ಹೇಳ್ತೀವಿ.