ಹಂಚಿನ ಮಾಡು ಸೋರುತ್ತಿದೆ: ಬಿಡಿ ಹಂಚು ಬದಲಿಸಿದರೆ ಸಾಕೇ, ಇಡೀ ಮಾಡನ್ನೇ ಬಿಚ್ಚಬೇಕೇ?

ತುಂಗೆ_ದಡ

ನಮಸ್ಕಾರ. ತೀರ್ಥಹಳ್ಳಿ ಕಡೆಯ ಮನೆ, ಕಟ್ಟಿದ್ದು 1980ರ ಸುಮಾರಿಗೆ. ಮಂಗಳೂರು ಹಂಚು, ಮರದ ಪಕ್ಕಾಸು (ನೆತ್ತಿಯಿಂದ ಗೋಡೆಗೆ ಇಳಿಜಾರಾಗಿ ಬರುವ ಮರ), ಅದರ ಮೇಲೆ ಅಡ್ಡಲಾಗಿ ಹಂಚು ಕೂರುವ ಮರದ ರೀಪು. ಇಳಿಜಾರಿನ ಮೇಲೆ ಅಳೆದರೆ ಉತ್ತರ, ದಕ್ಷಿಣ ಎರಡೂ ಕಡೆ ಸೇರಿ 1,200 ಚದರ ಅಡಿ. ತೊಂದರೆ ಮೂರು:

ಅಡುಗೆಮನೆಯ ಮಾಡು ದೊಡ್ಡ ಮಾಡಿಗೆ ಕೂಡುವ ಮೂಲೆಯಲ್ಲಿ ಜೋರು ಮಳೆಗೆ ನೀರು ಧಾರೆಯಾಗಿ ಇಳಿಯುತ್ತದೆ. ಉತ್ತರದ ಕಡೆ ಹನಿ ಬೀಳುವುದಿಲ್ಲ, ಆದರೆ ಹಂಚಿನ ಒಳಮೈ ಸದಾ ಒದ್ದೆ, ಅಲ್ಲಲ್ಲಿ ಬಿಳಿ ಪುಡಿ. ಅದೇ ಉತ್ತರದ ಮಾಡು ಅಂಗಳದಿಂದ ನೋಡಿದರೆ ನಡುವೆ ತಗ್ಗಿದಂತೆ ಕಾಣುತ್ತದೆ.

ಒಬ್ಬ ಮೇಸ್ತ್ರಿ "ಐವತ್ತು ಹಂಚು ಬದಲಿಸಿದರೆ ಮುಗಿಯಿತು" ಎನ್ನುತ್ತಾರೆ. ಇನ್ನೊಬ್ಬರು "ಎಲ್ಲ ಕೆಡವಿ ಶೀಟು ಹಾಕಿ" ಎನ್ನುತ್ತಾರೆ. ಯಾವುದನ್ನು ನಂಬುವುದು?

ಪಕ್ಕಾಸು_ರೀಪು

ಇಬ್ಬರನ್ನೂ ಈಗಲೇ ನಂಬಬೇಡಿ ಸರ್. ನೀವು ಬರೆದ ಮೂರಕ್ಕೂ ಕಾರಣ ಬೇರೆ ಬೇರೆ. ಸೋರುವುದಕ್ಕೂ ಮಾಡು ಬದಲಿಸುವುದಕ್ಕೂ ನೇರ ಸಂಬಂಧವಿಲ್ಲ. ಒಂದೇ ಒಂದು ಒಡೆದ ಹಂಚು ಬಕೆಟ್ ತುಂಬಿಸಬಹುದು. ಒಂದು ಹನಿಯೂ ಸೋರದ ಮಾಡಿನ ಪಕ್ಕಾಸು ಗೋಡೆಯ ಮೇಲೆ ಕೂತಲ್ಲೇ ಕೊಳೆತು ಹೋಗಿರಬಹುದು. ಹಂಚನ್ನು ಯಾವಾಗ ಬೇಕಾದರೂ ಬದಲಿಸಬಹುದು. ಮಾಡನ್ನು ಬಿಚ್ಚಬೇಕೋ ಬೇಡವೋ ಎಂದು ಹೇಳುವುದು ಅದರ ಕೆಳಗಿನ ಮರ.

ಮೂಲೆಯ ಸೋರಿಕೆ ಸುಲಭದ್ದು. ಎರಡು ಮಾಡು ಕೂಡುವ ಒಳಮೂಲೆಯಲ್ಲಿ ತಗಡಿನ ದೋಣಿ ಇರುತ್ತದೆ. ತರಗೆಲೆ ತುಂಬಿದರೆ ನೀರು ಕಟ್ಟಿಕೊಂಡು ತಗಡಿನ ಅಂಚು ದಾಟಿ ಒಳಗೆ ಬರುತ್ತದೆ. ಕಸ ತೆಗೆದು, ಕೆಳಗಿನಿಂದ ನೋಡಿ: ತುಕ್ಕಿನ ಸಣ್ಣ ತೂತುಗಳಲ್ಲಿ ಬೆಳಕು ಕಂಡರೆ ತಗಡು ಹೋಗಿದೆ. ಎರಡೂ ಬದಿಯ ಹಂಚು ದೋಣಿಯ ಒಳಕ್ಕೆ ಚಾಚಿರಬೇಕು, ನಡುವೆ 4 ಇಂಚಾದರೂ ತೆರವಿರಬೇಕು. ಇದಕ್ಕಿಂತ ಇಕ್ಕಟ್ಟಾದರೆ ಮತ್ತೆ ಕಸ ಕಟ್ಟುತ್ತದೆ.

ಒದ್ದೆ ಒಳಮೈಗೆ ಪರೀಕ್ಷೆ ಇದೆ. ಉತ್ತರದಿಂದ ಆರು, ದಕ್ಷಿಣದಿಂದ ಎರಡು ಹಂಚು ಇಳಿಸಿ. ಪಾಚಿ ಉಜ್ಜಿ, ಒಲೆಯ ಹತ್ತಿರ ಅಥವಾ ಬಿಸಿಲಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ತೂಗಿ. 24 ಗಂಟೆ ನೀರಲ್ಲಿ ಮುಳುಗಿಸಿ, ಮೇಲ್ಮೈ ಒರೆಸಿ ಮತ್ತೆ ತೂಗಿ. ಹೆಚ್ಚಾದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. ಭಾರತೀಯ ಮಾನಕ ಐಎಸ್ 654ರ ಪ್ರಕಾರ ಎಎ ದರ್ಜೆಯ ಹಂಚು ಶೇ. 18ಕ್ಕಿಂತ, ಎ ದರ್ಜೆಯದು ಶೇ. 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು. ಜೊತೆಗೆ ಒಣ ಹಂಚನ್ನು ಬೆರಳ ಗಂಟಿನಿಂದ ಬಡಿಯಿರಿ. ಗಟ್ಟಿ ಹಂಚು ಟಣ್ ಎನ್ನುತ್ತದೆ. ಬೊದ್ದು ಸದ್ದು ಬಂದರೆ ಒಳಗೆ ಸೀಳಿದೆ ಅಥವಾ ಸರಿಯಾಗಿ ಬೆಂದಿಲ್ಲ. ಒಳಮೈ ಹೆಕ್ಕಳಿಕೆಯಾಗಿ ಉದುರುತ್ತಿದ್ದರೆ ಅಥವಾ ರೀಪಿಗೆ ಸಿಕ್ಕಿಕೊಳ್ಳುವ ಹಿಂಬದಿಯ ಗುಬುಟು ಸವೆದಿದ್ದರೆ ಅಂಥದ್ದನ್ನು ಮತ್ತೆ ಏರಿಸಬೇಡಿ. ಬರೀ ಪಾಚಿ ಹಿಡಿದದ್ದನ್ನು ಮಾತ್ರ ಎಸೆಯಬೇಡಿ, ಬ್ರಷ್ ಸಾಕು.

ನೀರು ಕುಡಿದ ಹಂಚು ಒದ್ದೆಯಷ್ಟೇ ಅಲ್ಲ, ಭಾರವೂ ಹೌದು. 100 ಚದರ ಅಡಿಗೆ ಸುಮಾರು 150 ಹಂಚು ಎಂದರೆ ನಿಮ್ಮ ಮಾಡಿನ ಮೇಲೆ 1,800 ಹಂಚು. ಒಂದಕ್ಕೆ ಎರಡೂವರೆ ಕಿಲೋ ಹಿಡಿದರೆ ನಾಲ್ಕೂವರೆ ಟನ್. ಶೇ. 20 ನೀರು ಸೇರಿದರೆ ಇನ್ನೂ 900 ಕಿಲೋ. ಮಳೆಗಾಲದ ಅಷ್ಟೂ ತಿಂಗಳು ಈ ಭಾರವನ್ನು ಹೊರುವುದು ಅದೇ ಹಳೆಯ ಪಕ್ಕಾಸು.

ಈಗ ಮರ. ಟಾರ್ಚು, ತೆಳು ಮೊನೆಯ ಸ್ಕ್ರೂಡ್ರೈವರು, ಗಟ್ಟಿ ದಾರ ಹಿಡಿದು ಅಟ್ಟ ಹತ್ತಿ. ಪ್ರತಿ ಪಕ್ಕಾಸನ್ನೂ ಮೂರು ಕಡೆ ಚುಚ್ಚಿ: ಗೋಡೆಯ ಮೇಲೆ ಕೂತ ತುದಿ, ನೆತ್ತಿಯ ತೊಲೆಗೆ ಸೇರುವಲ್ಲಿ, ಕಲೆ ಬಿದ್ದಲ್ಲಿ. ಕೈಯ ಒತ್ತಡಕ್ಕೆ ಕಾಲಿಂಚು ಒಳಗೆ ಹೋದರೆ ಮೆದುವಾಗಿದೆ. ಗೋಡೆಯ ಮೇಲಿನ ತುದಿಯಲ್ಲಿ ದಪ್ಪದ ಮೂರನೇ ಒಂದು ಭಾಗ ಹೋಗಿದ್ದರೆ ಆ ಪಕ್ಕಾಸನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕುಟ್ಟೆ ಹುಳುವಿನ ತೂತು ಒಂದೆರಡು ಮಿಲಿಮೀಟರ್ ಅಗಲ. ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಬಿದ್ದಿರುತ್ತದೆ. ಪುಡಿ ಗುಡಿಸಿ ಹಳೆ ಪೇಪರ್ ಹಾಸಿಡಿ. ಮತ್ತೆ ಪುಡಿ ಉದುರಿದರೆ ಹುಳು ಇನ್ನೂ ಜೀವಂತ. ಗೆದ್ದಲಿನ ಮಣ್ಣುದಾರಿ ಕಂಡರೆ ಎರಡಿಂಚು ಒಡೆದು ಬಿಡಿ. ನಾಲ್ಕಾರು ದಿನದಲ್ಲಿ ಮತ್ತೆ ಕಟ್ಟಿಕೊಂಡರೆ ಅದಕ್ಕೂ ಅದೇ ಅರ್ಥ.

ತಗ್ಗು ಅಳೆಯಲು ಪಕ್ಕಾಸಿನ ಅಡಿಯಲ್ಲಿ ಗೋಡೆಯಿಂದ ನೆತ್ತಿಗೆ ದಾರ ಬಿಗಿದು, ನಡುವೆ ಎಷ್ಟು ಬಗ್ಗಿದೆ ನೋಡಿ. ಹತ್ತಡಿಗೆ ಅರ್ಧ ಇಂಚು ಎಂದರೆ ಹಸಿ ಮರ ಹಾಕಿ ಬಗ್ಗಿದ್ದಿರಬಹುದು, ಹೆದರಬೇಕಿಲ್ಲ. ಒಂದಿಂಚು ದಾಟಿದರೆ ಕಾರಣ ಹುಡುಕಲೇಬೇಕು. ಗೋಡೆಯ ಹೊರಮೈಗೆ ತೂಗುಗುಂಡನ್ನೂ ಇಳಿಬಿಡಿ. ಗೋಡೆಯ ತಲೆ ಹೊರಕ್ಕೆ ವಾಲಿ, ನೆತ್ತಿಯಲ್ಲಿ ಪಕ್ಕಾಸಿನ ಕೂಡು ಬಾಯಿ ಬಿಟ್ಟಿದ್ದರೆ ಮಾಡು ಗೋಡೆಯನ್ನು ತಳ್ಳುತ್ತಿದೆ. ಹಾಗಿದ್ದರೆ ಇಲ್ಲಿ ಕೇಳುತ್ತ ಕೂರಬೇಡಿ, ಕೆಳಗೆ ಊರೆ (ಆಸರೆ ಕಂಬ) ಕೊಟ್ಟು ಎಂಜಿನಿಯರನ್ನು ಕರೆಸಿ.

ಹಂಚಿನ ಸಂದಿಯಲ್ಲಿ ಗೆರೆಗೆರೆಯಾಗಿ ಬೆಳಕು ಕಾಣುವುದು ಸಹಜ, ಅದರಿಂದ ಸೋರುವುದಿಲ್ಲ. ದುಂಡಗಿನ ಬೆಳಕಿನ ಚುಕ್ಕೆ ಕಂಡರೆ ಮಾತ್ರ ಗುರುತು ಹಾಕಿ.

ಸೂರಿನ_ನೀರು

ನಡುವೆ ಒಂದು ಪ್ರಶ್ನೆ. ಇಷ್ಟೆಲ್ಲ ಯಾಕೆ, ಹಂಚಿನ ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆದು, ಬಿರುಕಿಗೆ ಸಿಮೆಂಟು ಮೆತ್ತಿದರೆ ಆಗುವುದಿಲ್ಲವೇ?

ಪಕ್ಕಾಸು_ರೀಪು

ಸಿಮೆಂಟು ಬೇಡ ಸರ್. ಬಿಸಿಲಿಗೆ ಹಂಚು ಹಿಗ್ಗುವ ಪ್ರಮಾಣವೇ ಬೇರೆ, ಗಾರೆಯದೇ ಬೇರೆ. ಒಂದೇ ಬೇಸಿಗೆಗೆ ಅಂಚಿನಲ್ಲಿ ಬಿಡುತ್ತದೆ. ಆಮೇಲೆ ಮೆತ್ತಿದ ಗಾರೆಯೇ ಕಟ್ಟೆಯಾಗಿ ನೀರನ್ನು ಪಕ್ಕದ ಸಂದಿಗೆ ತಿರುಗಿಸುತ್ತದೆ. ನೆತ್ತಿಯ ಮೇಲೆ ಕೂರುವ ರಿಡ್ಜ್ ಹಂಚಿನ ಕೆಳಗೆ ಮಾತ್ರ ಗಾರೆಗೆ ಜಾಗ. ಪೇಂಟು ಗಟ್ಟಿ ಹಂಚಿಗೆ ಸರಿ, ಅದೂ ಏಪ್ರಿಲ್ ಬಿಸಿಲಲ್ಲಿ ಪೂರ್ತಿ ಒಣಗಿದ ಮೇಲೆ. ಉದುರುತ್ತಿರುವ ಹಂಚಿಗೆ ಮೇಲಿಂದ ಬಳಿದರೆ ಒಳಗಿನ ತೇವ ಪೇಂಟನ್ನೇ ಎಬ್ಬಿಸುತ್ತದೆ. ಹಂಚಿಗೂ ರೀಪಿಗೂ ನಡುವೆ ಪ್ಲಾಸ್ಟಿಕ್ ಹಾಳೆ ತೂರಿಸುವವರಿದ್ದಾರೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ಹಾಳೆಯ ಮಡಿಕೆಯಲ್ಲಿ ನಿಂತ ನೀರು ರೀಪನ್ನು ಬೇಗನೆ ತಿಂದುಹಾಕುತ್ತದೆ.

ತುಂಗೆ_ದಡ

ಪರೀಕ್ಷೆ ಮಾಡಿದೆವು. ಉತ್ತರದ ಹಂಚು ಒಣಗಿದಾಗ 2.4 ಕಿಲೋ, ನೆನೆದಾಗ 2.9. ಆರೂ ಹೆಚ್ಚುಕಡಿಮೆ ಅಷ್ಟೇ, ನಾಲ್ಕರ ಒಳಮೈ ಉದುರುತ್ತಿದೆ. ದಕ್ಷಿಣದವು 2.4 ಇದ್ದದ್ದು 2.75. ಉತ್ತರದ 18 ಪಕ್ಕಾಸುಗಳಲ್ಲಿ ಅಕ್ಕಪಕ್ಕದ ಐದು ಗೋಡೆಯ ತುದಿಯಲ್ಲಿ ಮೆದು, ಸ್ಕ್ರೂಡ್ರೈವರು ಒಂದಿಂಚು ಇಳಿಯಿತು. ನಡುವೆ ತಗ್ಗು ಒಂದೂಕಾಲು ಇಂಚು. ಅಲ್ಲಿನ ರೀಪುಗಳು ಹಿಚುಕಿದರೆ ಪುಡಿ. ದಕ್ಷಿಣದಲ್ಲಿ ಮರ ಗಟ್ಟಿ, 30ರಷ್ಟು ಹಂಚು ಬಿರುಕು. ಗೋಡೆ ವಾಲಿಲ್ಲ. ಮೂಲೆಯ ದೋಣಿ ತುಂಬ ತೂತು.

ಪಕ್ಕಾಸು_ರೀಪು

ಹಾಗಾದರೆ ನಿರ್ಧಾರ ಸ್ಪಷ್ಟ. ಉತ್ತರದ ಮಾಡನ್ನು ಪೂರ್ತಿ ಬಿಚ್ಚಿ ಕಟ್ಟಬೇಕು. ದಕ್ಷಿಣವನ್ನು ಮುಟ್ಟಬೇಡಿ, ಬಿಡಿ ಹಂಚು ಸಾಕು. ಉತ್ತರದ್ದು ಶೇ. 20.8 ನೀರು ಕುಡಿಯುತ್ತಿದೆ, ದಕ್ಷಿಣದ್ದು ಶೇ. 14.6. ಮಳೆ ಮುಗಿದ ಮೇಲೆ ಸೂರ್ಯ ದಕ್ಷಿಣಕ್ಕೆ ವಾಲುತ್ತಾನಲ್ಲ, ಉತ್ತರದ ಇಳಿಜಾರು ಒಣಗಲು ತಡ. ಮೇಲೆ ಮರದ ನೆರಳಿದ್ದರೆ ಕೇಳುವುದೇ ಬೇಡ.

ಹೊಸ ಹಂಚನ್ನು ಎರಡು ಕಡೆಗೂ ಹಂಚಬೇಡಿ, ಇಲ್ಲೇ ಹೆಚ್ಚಿನವರು ಎಡವುವುದು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಎಷ್ಟೋ ಮುಚ್ಚಿದವು. ಹೆಸರು ಒಂದೇ "ಮಂಗಳೂರು ಹಂಚು" ಆದರೂ ಅಚ್ಚು ಒಂದೇ ಅಲ್ಲ. ಬೇರೆ ಅಚ್ಚಿನ ಎರಡು ಹಂಚಿನ ಪಕ್ಕದ ತೋಡು ಒಂದಕ್ಕೊಂದು ಕೂರುವುದಿಲ್ಲ, ಗಾಳಿಮಳೆಗೆ ಅಲ್ಲೇ ನೀರು ನುಗ್ಗುತ್ತದೆ. ಆದ್ದರಿಂದ ಉತ್ತರಕ್ಕೆ ಇಡಿಯಾಗಿ ಹೊಸ ಹಂಚು, ಅಲ್ಲಿಂದ ಇಳಿಸಿದ್ದರಲ್ಲಿ ಟಣ್ ಎನ್ನುವ ಗಟ್ಟಿ ಹಂಚು ಆರಿಸಿ ದಕ್ಷಿಣದ ಬಿರುಕಿನ ಜಾಗಕ್ಕೆ. ಸಾಲದಿದ್ದರೆ ಹಿಂಬದಿಯ ಕಾರ್ಖಾನೆ ಮುದ್ರೆ ನೋಡಿ, ಒಂದು ಹಂಚನ್ನು ಕೈಯಲ್ಲೇ ಒಯ್ದು ಹಳೆ ಮನೆ ಬಿಚ್ಚಿದ ಸಾಮಾನು ಮಾರುವವರ ಹತ್ತಿರ ಜೋಡಿಸಿ ತನ್ನಿ.

ಲೆಕ್ಕ ಹೀಗೆ: ಉತ್ತರ 600 ಚದರ ಅಡಿಗೆ 900 ಹಂಚು, ಒಡೆಯುವುದಕ್ಕೆ ಶೇ. 5 ಸೇರಿಸಿ 950. ರೀಪು 2 ಇಂಚು × 1 ಇಂಚಿನದು, ಹನ್ನೆರಡೂವರೆ ಇಂಚಿಗೊಂದರಂತೆ 576 ಅಡಿ, ತುಂಡು-ಕೂಡು ಸೇರಿ 640 ಅಡಿ ತರಿಸಿ. ಆದರೆ ಹನ್ನೆರಡೂವರೆಯನ್ನು ಕಣ್ಣುಮುಚ್ಚಿ ಹಿಡಿಯಬೇಡಿ. ಹೊಸ ಹಂಚು ಬಂದ ಮೇಲೆ ನಾಲ್ಕೈದನ್ನು ನೆಲದ ಮೇಲೆ ಒಂದಕ್ಕೊಂದು ಸಿಕ್ಕಿಸಿ, ಗುಬುಟಿನಿಂದ ಗುಬುಟಿಗೆ ಅಳೆದು ಅದರಂತೆ ರೀಪು ಹೊಡೆಸಿ. ಹಳೆಯ ರೀಪಿನ ಅಂತರಕ್ಕೆ ಹೊಸ ಹಂಚು ಕೂರಿಸಿದರೆ ಉದ್ದದ ಹೊದಿಕೆ ಕಡಿಮೆಯಾಗಿ ಸೋರುತ್ತದೆ; ಎರಡೂವರೆ ಇಂಚಿನಷ್ಟಾದರೂ ಹೊದಿಕೆ ಇರಲಿ.

ಐದು ಪಕ್ಕಾಸು ಒಂಟೊಂಟಿಯಾಗಿ ಹಾಳಾಗಿದ್ದರೆ ಪಕ್ಕಕ್ಕೆ ಜೋಡಿ ಮರ ಕೊಟ್ಟು ಗಟ್ಟಿ ಭಾಗದಲ್ಲಿ 3 ಅಡಿ ತನಕ ಬೋಲ್ಟ್ ಬಿಗಿದರೆ ಆಗುತ್ತಿತ್ತು. ಸಾಲಾಗಿ ಹೋಗಿರುವುದರಿಂದ ಪೂರ್ತಿ ಬದಲಿಸಿ. ಅವು ಕೂತಿರುವ ಗೋಡೆಯ ಮೇಲಿನ ಹಾಸುಮರವನ್ನೂ ಚುಚ್ಚಿ ನೋಡಿ. ಐದೂ ಒಂದೇ ಕಡೆ ಕೊಳೆತಿವೆ ಎಂದರೆ ಅದೂ ನೆನೆದಿರುತ್ತದೆ. ಹೊಸ ತುದಿಗಳನ್ನು ಗಾರೆಯಲ್ಲಿ ಹೂಳಬೇಡಿ, ಸುತ್ತ ಗಾಳಿಯಾಡಲಿ. ಹಳೆಯವು ಕೊಳೆಯಲು ಬಹುಪಾಲು ಇದೇ ಕಾರಣವಾಗಿರುತ್ತದೆ.

ಹೊಸ ಮರಕ್ಕೆ ಹತ್ತು ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಮ್ಲ ಕರಗಿಸಿ ಎರಡು ಸಲ ಬಳಿಯಿರಿ, ಕತ್ತರಿಸಿದ ತುದಿಗಳಿಗೆ ಧಾರಾಳವಾಗಿ. ಇದು ನೀರಲ್ಲಿ ತೊಳೆದುಹೋಗುವ ಮದ್ದು. ಸೂರಿನಿಂದ ಹೊರಚಾಚಿದ ಭಾಗಕ್ಕೆ ಒಣಗಿದ ಮೇಲೆ ಎಣ್ಣೆಬಣ್ಣವೂ ಬೇಕು.

ಘಟ್ಟದ_ಮನೆ

ಶೀಟಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮಲೆನಾಡಿನಲ್ಲಿ ಹಂಚಿನ ಮೇಲೆ ಶೀಟಿನ ಇನ್ನೊಂದು ಮಾಡು ಎತ್ತುವುದು ಈಗ ಸಾಮಾನ್ಯ, ಅದು ತಪ್ಪಲ್ಲ. ಆದರೆ ಕಬ್ಬಿಣದ ಕಾಲು ಗೋಡೆಯ ಮೇಲೆ ಅಥವಾ ನೆಲದಿಂದ ಬಂದ ಕಂಬದ ಮೇಲೆ ಇಳಿಯಬೇಕು, ಹಳೆಯ ಪಕ್ಕಾಸಿನ ಮೇಲಲ್ಲ. ಅರ್ಧ ಮಿಲಿಮೀಟರ್ ಶೀಟು ಚದರ ಮೀಟರಿಗೆ ಐದು ಕಿಲೋ ಆಸುಪಾಸು, ಹಂಚು ಅದೇ ಜಾಗಕ್ಕೆ ನಲವತ್ತರ ಹತ್ತಿರ. ಹಗುರ ಎಂದು ಖುಷಿಪಡುವವರು ಗಾಳಿಯನ್ನು ಮರೆಯುತ್ತಾರೆ. ಚೌಕಟ್ಟನ್ನು ಗೋಡೆಗೆ ಆಂಕರ್ ಮಾಡದಿದ್ದರೆ ಒಂದೇ ಬಿರುಗಾಳಿಗೆ ಎದ್ದು ಹೋಗುತ್ತದೆ. ಮತ್ತು ಕೊಳೆತ ಐದು ಪಕ್ಕಾಸು ಶೀಟಿನ ಕೆಳಗೂ ಕೊಳೆತೇ ಇರುತ್ತದೆ, ಅದರ ಮೇಲೆ ಅರ್ಧ ಮಾಡಿನ ಹಂಚು ಹಾಗೇ ಕೂತಿರುತ್ತದೆ.

ತುಂಗೆ_ದಡ

ಅರ್ಥವಾಯಿತು, ಶೀಟು ಬಿಟ್ಟೆವು. ಬಿಚ್ಚುವಾಗ ಏನು ನೋಡಿಕೊಳ್ಳಬೇಕು?

ಪಕ್ಕಾಸು_ರೀಪು

ಫೆಬ್ರವರಿ-ಮಾರ್ಚ್‌ನಲ್ಲೇ ಮುಗಿಸಿ, ಏಪ್ರಿಲ್‌ನಲ್ಲಿ ಅಡ್ಡಮಳೆ ಬರುತ್ತದೆ. ಅಟ್ಟದ ವಿದ್ಯುತ್ ಲೈನಿನ ಮೈನ್ ಆಫ್ ಮಾಡಿಸಿ. ಹಂಚನ್ನು ನೆತ್ತಿಯಿಂದ ಸೂರಿನ ಕಡೆಗೆ ಇಳಿಸಬೇಕು. ಉತ್ತರವನ್ನು ಪೂರ್ತಿ ಬರಿದು ಮಾಡಿ ದಕ್ಷಿಣದ ಭಾರವನ್ನು ಹಾಗೇ ಬಿಟ್ಟರೆ ನೆತ್ತಿಯ ತೊಲೆಯ ಮೇಲೆ ಒಂದೇ ಕಡೆಯ ಒತ್ತಡ ಬೀಳುತ್ತದೆ, ಹಾಗಾಗಿ ತೊಲೆಗೆ ಎರಡು ಕಡೆ ಊರೆ ಕೊಟ್ಟ ಮೇಲೆಯೇ ಪಕ್ಕಾಸು ಬಿಚ್ಚಿ. ಹಂಚಿನ ಮೇಲೆ ನಡೆಯುವವರು ರೀಪು ಹಾದುಹೋಗುವ ಜೋಡಿನ ಮೇಲೆ ಕಾಲಿಡಲಿ, ಅಥವಾ ಏಣಿಯನ್ನು ಮಲಗಿಸಿ ಅದರ ಮೇಲೆ ಓಡಾಡಲಿ.

ಹೊಸ ಹಂಚು ಹಾಸುವುದು ಸೂರಿನಿಂದ ಮೇಲಕ್ಕೆ. ಮೂಲೆಯ ದೋಣಿ ಮೊದಲು, ಹಂಚು ಆಮೇಲೆ. ಸೂರಿನ ಮೊದಲ ಸಾಲು ಮತ್ತು ಎರಡೂ ಬದಿಯ ಕೊನೆಯ ಸಾಲನ್ನು ಹಿಂಬದಿಯ ತೂತಿನಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಪೋಣಿಸಿ ರೀಪಿಗೆ ಕಟ್ಟಿಸಿ, ಗಾಳಿ ಮೊದಲು ಎತ್ತುವುದು ಅವನ್ನೇ. ರಿಡ್ಜ್ ಹಂಚಿಗೆ ಗಾರೆ ಹಾಕಿದ ಮೇಲೆ ಒಂದು ವಾರ ನೀರು ಕುಡಿಸಿ. ಉಳಿದ ಹೊಸ ಹಂಚು ಒಂದೂ ಮಾರಬೇಡಿ, ಮಂಗ ಕುಣಿದು ಒಡೆದಾಗ ಇದೇ ಅಚ್ಚಿನದು ಬೇಕಾಗುತ್ತದೆ.